ಮಣ್ಣಪ್ಪನ ತಿರುಗದ ಡಿಸ್ಕು

ಮಾರ್ಚ್ 3, ಭಾನುವಾರ

ತಮ್ಮ ಮಧ್ಯಾಹ್ನ ಊಟಕ್ಕೆ ಬಂದಿದ್ದ. ಅವನ ಟೈಲ್ಸ್ ಅಂಗಡಿ ಈಗ ಮೂರು ಮಹಡಿಯಾಗಿದೆ. “ಮೇಲಿನ ಮಹಡಿ ನೋಡ್ಕೊಳ್ಳೋಕೆ ನಂಬಿಕಸ್ಥರು ಬೇಕು ಅಕ್ಕ, ನಿನ್ನ ಅಳಿಯ ಬರ್ತಾನಾ?” ಎಂದು ಅವನಾಗಿಯೇ ಕೇಳಿದ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅಳಿಯನ ಮುಖ ಮಾತ್ರ ಹರಳೆಣ್ಣೆ ಕುಡಿದ ಹಾಗಿತ್ತು. ಎರಡು ವರ್ಷದ ಹಿಂದೆ ಜಾಹೀರಾತು ಕಂಪನಿಯ ಕೆಲಸಕ್ಕೆ ಕೈ ಮುಗಿದು ಬಂದವನು, ಅಂದಿನಿಂದ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಜೇಡಿಮಣ್ಣಿನ ಗೊಂಬೆ ಆಡುತ್ತಿದ್ದಾನೆ. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಫೋಟೊ ತೆಗೆಯುವುದು. ಮತ್ತೆ ಸರಿಸುವುದು, ಮತ್ತೆ ಫೋಟೊ. ಎಲ್ಲವನ್ನೂ ಸೇರಿಸಿ ಓಡಿಸಿದರೆ ಗೊಂಬೆ ನಡೆಯುತ್ತದಂತೆ. ನಡೆಯುವ ಮಕ್ಕಳು ಬೀದಿ ತುಂಬ ಇರುವಾಗ ಈ ಸಾಹಸ ಯಾಕೋ ನನಗೆ ಇಂದಿಗೂ ಗೊತ್ತಾಗಿಲ್ಲ. ಮಗಳು ಬೆಳಿಗ್ಗೆ ಬ್ಯಾಂಕಿಗೆ ಓಡುತ್ತಾಳೆ, ಸಂಜೆ ಬಾಡಿ ಬರುತ್ತಾಳೆ. ಇವನು ಉಗುರಿನ ಸಂದಿಯ ಮಣ್ಣು ಕೆರೆಯುತ್ತ ಬಾಗಿಲು ತೆಗೆಯುತ್ತಾನೆ. ಹಾಗಾಗಿ ಈ ಪುಸ್ತಕದಲ್ಲಿ ಇವನ ಹೆಸರು ಮಣ್ಣಪ್ಪ. ಎದುರಿಗೆ ಬಹುವಚನವೇ. ಮರ್ಯಾದೆ ಕೊಟ್ಟರೆ ಜನ ದೂರ ಇರುತ್ತಾರೆ.

ಸಿನಿಮಾದ ಕಥೆ ಇಷ್ಟು: ಬಾಡಿಗೆ ಮನೆ ಹುಡುಕಿಕೊಂಡು ಹೊರಟ ಬಸವನಹುಳು. ಬೆನ್ನ ಮೇಲೆ ಸ್ವಂತ ಮನೆ ಹೊತ್ತುಕೊಂಡು ಬಾಡಿಗೆ ಮನೆ ಹುಡುಕುತ್ತದೆ! ಇದ್ದ ಕೆಲಸ ಬಿಟ್ಟವನ ತಲೆಯಲ್ಲಿ ಇನ್ನೆಂಥ ಕಥೆ ಹುಟ್ಟೀತು. ಇಪ್ಪತ್ತನೇ ತಾರೀಖಿನೊಳಗೆ ಮುಗಿಸಿ ಕೊಟ್ಟರೆ ಮಕ್ಕಳ ಚಾನೆಲ್ಲಿನವರು ಹಾಕುತ್ತಾರಂತೆ, ಹಿಡಿಸಿದರೆ ಇನ್ನಷ್ಟು ಮಾಡಿಸುತ್ತಾರಂತೆ. “ಇದು ಆಗದಿದ್ರೆ ಅಂಗಡಿಗೆ ಬರ್ತೀನಿ ಮಾವ, ಖಂಡಿತ” ಎಂದು ತಮ್ಮನಿಗೆ ಮಾತು ಕೊಟ್ಟ. ಮಗಳೂ ಕೇಳಿಸಿಕೊಂಡಳು, ನಾನೂ ಕೇಳಿಸಿಕೊಂಡೆ.

ತಮ್ಮ ಬರುತ್ತಾನೆಂದು ಬೆಳಿಗ್ಗೆ ಮಣ್ಣಪ್ಪನನ್ನು ತರಕಾರಿಗೆ ಅಟ್ಟಿ, ಮಗಳು ಅವನ ಕೋಣೆಯನ್ನು ಗುಡಿಸಿ ಒರೆಸಿದಳು. ನನ್ನ ಮಗಳು ಒರೆಸಿದ ನೆಲದ ಮೇಲೆ ಅನ್ನ ಹಾಕಿಕೊಂಡು ಉಣ್ಣಬಹುದು. ತಮ್ಮ ಒಳಗೆ ಇಣುಕಿ, “ಇಷ್ಟು ಮಂಕು ದೀಪದಲ್ಲಿ ಏನಯ್ಯಾ ಕಾಣುತ್ತೆ ನಿನಗೆ?” ಎಂದ. ನಾನು ನಕ್ಕೆ. ಮಣ್ಣಪ್ಪ ನಗಲಿಲ್ಲ.

ಸಂಜೆ ಹೊಸ ಸುದ್ದಿ. ಫೋಟೊಗಳನ್ನೆಲ್ಲ ತುಂಬಿಟ್ಟಿದ್ದ ಹಾರ್ಡ್ ಡಿಸ್ಕ್ ಶುರುವಾಗುತ್ತಿಲ್ಲ. ಇನ್ನೊಂದು ಪ್ರತಿ ಎಲ್ಲಿದೆ ಎಂದು ಕೇಳಿದೆ. “ಮುಂದಿನ ತಿಂಗಳು ಇನ್ನೊಂದು ಡಿಸ್ಕ್ ತಗೊಳ್ಳೋಣ ಅಂತಿದ್ದೆ ಅತ್ತೆ” ಎಂದ. ಎರಡು ವರ್ಷದ ಕೆಲಸ ಒಂದೇ ಡಬ್ಬಿಯಲ್ಲಿ! ಹೇಳಬೇಕಾದ್ದನ್ನು ನನ್ನ ಮುಖವೇ ಹೇಳಿತು.


ಮಾರ್ಚ್ 4, ಸೋಮವಾರ

ಮಣ್ಣಪ್ಪನ ಚಿಕಿತ್ಸೆ ನೋಡುವ ಭಾಗ್ಯ ಸಿಕ್ಕಿತು. ಡಬ್ಬಿಗೆ ಊದಿದ. ತಟ್ಟಿದ. ಬೋರಲು ಹಾಕಿದ. ಕೊನೆಗೆ ಅದರ ಮುಂದೆ ಸುಮ್ಮನೆ ಕೂತ. ಪೆಟ್ಟಿಗೆಗೆ ಕನಿಕರ ಬಂದು ತಾನೇ ತಿರುಗಲಿ ಎಂದಿರಬೇಕು.

ನೋಡಲಾಗದೆ ಒಳಗೆ ಹೋದೆ. ಟೆಲಿಫೋನ್ ಎಕ್ಸ್‌ಚೇಂಜಿನ ಫಾಲ್ಟ್ ಸೆಕ್ಷನ್ನಿನಲ್ಲಿ ತಲೆ ನರೆಸಿಕೊಂಡವಳು ನಾನು. ಅಲ್ಲಿ ಹೊಸಬರಿಗೆ ಮೊದಲ ದಿನವೇ ಒಂದು ಮಾತು ಕಲಿಸುತ್ತಿದ್ದೆ: ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಬದಲಿಸಿದರೆ ಯಾವುದು ಸರಿ ಮಾಡಿತು ಎಂದು ದೇವರಿಗೂ ತಿಳಿಯದು. ಕಂಪ್ಯೂಟರಿನ ಕೇಬಲ್ ಬದಲಿಸಿದೆ, ಇಲ್ಲ. ಗೋಡೆಯ ಪ್ಲಗ್ ಬದಲಿಸಿದೆ, ಇಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಡಬ್ಬಿಗೆ ಒತ್ತಿ ಹಿಡಿಕೆಯನ್ನು ಕಿವಿಗಿಟ್ಟುಕೊಂಡೆ. ಮೋಟರ್ ಏಳಲು ಹೆಣಗುತ್ತಿದ್ದರೆ ಸಣ್ಣ ಗುಯ್ಗುಡುವ ಸದ್ದಾದರೂ ಬರಬೇಕು. ಗೋಡೆಗೆ ಕಿವಿ ಇಟ್ಟ ಹಾಗಿತ್ತು.

ಒಂದು ಸಂಗತಿ ಕಂಡಿತು. ಅಡಾಪ್ಟರಿಗೆ ಒಂದು ಹಸಿರು ದೀಪವಿದೆ. ಪಿನ್ನನ್ನು ಡಿಸ್ಕಿಗೆ ಚುಚ್ಚಿದ ಕೂಡಲೇ ಅದು ಆರುತ್ತದೆ, ಕಿತ್ತರೆ ಮತ್ತೆ ಹತ್ತುತ್ತದೆ.

“ಏನು ಮಾಡಿದ್ರಿ ಇದಕ್ಕೆ?” ಎಂದು ಕೇಳಿದೆ.

“ನನ್ನದೇ ತಪ್ಪು ಅತ್ತೆ” ಎಂದ. ಏನು ತಪ್ಪು ಎಂದರೆ ಕೇಬಲ್ ಸುತ್ತಿಡತೊಡಗಿದ. ಏನೆಂದು ಹೇಳದೆ ತಪ್ಪೊಪ್ಪಿಕೊಳ್ಳುವವರನ್ನು ಕಂಡರೆ ನನಗಾಗದು. ಬೆನ್ನುಮೂಳೆಯಿಲ್ಲದ ಪ್ರಾಣಿಯ ಮೇಲೆ ಸಿನಿಮಾ ಮಾಡುವವನು ಇನ್ನು ಹೇಗಿರುತ್ತಾನೆ.


ಮಾರ್ಚ್ 6, ಬುಧವಾರ

ಬಸ್ ಸ್ಟಾಪಿನ ಪಕ್ಕದ ಕಂಪ್ಯೂಟರ್ ರಿಪೇರಿಯವನ ಹತ್ತಿರ ಹೋಗಿದ್ದೆವು. ಮಣ್ಣಪ್ಪ ಒಬ್ಬನೇ ಹೋಗಿ ಬರುತ್ತೇನೆ ಎಂದ. ಒಬ್ಬನೇ ಹೋದರೆ ಟೋಪಿ ಹಾಕಿಸಿಕೊಂಡು ಬರುತ್ತಾನೆ ಎಂದು ನಾನೂ ಹೊರಟೆ.

ರಿಪೇರಿಯವನು ಮೊದಲು ಹೇಳಿದ್ದು, ಡಿಸ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರಿನಲ್ಲಿಡಿ ಎಂದು.

“ಯಾಕೆ, ಮೀನು ಅಂದ್ಕೊಂಡ್ರಾ?” ಎಂದೆ.

ಆಮೇಲೆ ಗಂಭೀರನಾದ. “ಮೇಡಂ, ಡಿಸ್ಕ್ ಏನೂ ಆಗಿಲ್ಲ. ಅದಕ್ಕೆ ಕರೆಂಟು ಸಿಗ್ತಿಲ್ಲ ಅಷ್ಟೇ.”

“ಅದೇ ತಾನೇ ತಿರುಗ್ತಿಲ್ಲ ಅಂದ್ರೆ?”

“ಅಲ್ಲ ಮೇಡಂ, ತಿರುಗ್ತಿಲ್ಲ ಅಂತಲ್ಲ, ಕರೆಂಟ್ ಸಿಕ್ಕಿದ್ರೆ ತಿರುಗುತ್ತೆ.” ಅಳಿಯ ಅಲ್ಲ, ಮಗಳ ಗಂಡ.

ಹೊಸ ಅಡಾಪ್ಟರ್ ಒಂದನ್ನು ಕೈಗಿಟ್ಟ. ಮಣ್ಣಪ್ಪ ಏನೋ ಹೇಳಲು ಬಾಯಿ ತೆರೆದವನು, ನನ್ನ ಕಡೆ ನೋಡಿ, ಮುಚ್ಚಿಕೊಂಡು, ಕೊಂಡೇಬಿಟ್ಟ. ಮನೆಗೆ ಬಂದು ಚುಚ್ಚಿದರೆ ಇದರ ದೀಪವೂ ಅದೇ ರೀತಿ ಆರಿತು. ಎರಡು ಅಡಾಪ್ಟರ್ ಒಂದೇ ತರಹ ಕೆಡುವುದಿಲ್ಲ. ಶಾರ್ಟ್ ಆಗಿರುವುದು ಡಬ್ಬಿಯೊಳಗೆ. ಇದನ್ನು ಅಂಗಡಿಯಲ್ಲೇ ಯೋಚಿಸಬಹುದಿತ್ತು. ಆ ಫ್ರೀಜರಿನ ಮಾತು ನನ್ನ ತಲೆ ಕೆಡಿಸಿತು.

ಮಗಳು ಅವನೊಡನೆ ಮಾತಾಡುತ್ತಿಲ್ಲ. ಚಹಾ ಲೋಟವನ್ನು ಅವನ ಮುಂದೆ ಕುಕ್ಕಿ ಹೋದಳು.


ಮಾರ್ಚ್ 8, ಶುಕ್ರವಾರ

ಇವತ್ತು ದೊಡ್ಡವರ ದರ್ಶನ. ಕಳೆದುಹೋದ ಡೇಟಾ ತೆಗೆದುಕೊಡುವ ಕಂಪನಿ. ಗಾಜಿನ ಬಾಗಿಲು, ಎಸಿ, ಕೂರಲು ಹೋದರೆ ನುಂಗಿಬಿಡುವ ಸೋಫಾ. ಟೈ ಕಟ್ಟಿದ ಒಬ್ಬ ಡಿಸ್ಕನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, “ತುಂಬಾ ಕ್ರಿಟಿಕಲ್ ಕೇಸ್” ಎಂದ. ಇನ್ನೂ ಚೀಲದಿಂದ ಪೂರ್ತಿ ಹೊರಗೆ ತೆಗೆದಿರಲಿಲ್ಲ. ಧೂಳಿಲ್ಲದ ಕೋಣೆ, ಪರದೇಶದ ಯಂತ್ರ, ವಿಶೇಷ ತಂಡ ಎಂದು ಬಹಳ ಹೊತ್ತು ಹೇಳಿದ. ಮಂತ್ರಕ್ಕಿಂತ ಉಗುಳೇ ಜಾಸ್ತಿ.

“ಮೀಟರ್ ಇಟ್ಟು ಬೋರ್ಡ್ ನೋಡಿದ್ರಾ?” ಎಂದು ಕೇಳಿದೆ.

“ಅದೆಲ್ಲ ನಮ್ಮ ತಂಡ ನೋಡ್ಕೊಳ್ಳುತ್ತೆ ಅಜ್ಜಿ. ತಿಂಗಳ ಕೊನೆಗೆ ವರದಿ ಬರುತ್ತೆ.”

ಅಜ್ಜಿಯಂತೆ! ನಮಗೆ ಬೇಕಾಗಿರುವುದು ಇಪ್ಪತ್ತರೊಳಗೆ. ಡಿಸ್ಕನ್ನು ಅವನ ಬೆರಳುಗಳ ನಡುವಿನಿಂದ ಕಿತ್ತುಕೊಂಡು ಬಂದೆ. ‘ನಮಗೆ’ ಎಂದು ಬರೆದಿದ್ದೇನೆ. ಮಣ್ಣಪ್ಪನಿಗೆ ಬೇಕಾಗಿರುವುದು. ನನಗೇನು.

ಬಸ್ಸಿನಲ್ಲಿ ಅವನು ಡಿಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದ. ಸುಮ್ಮನಿರಲಾರದೆ, ಆ ಹುಳುವಿಗೆ ಕೊನೆಗೆ ಮನೆ ಸಿಗುತ್ತದಾ ಎಂದು ಕೇಳಿದೆ.

“ಸಿಗುತ್ತೆ ಅತ್ತೆ. ಆದ್ರೆ ಬಾಗಿಲಲ್ಲಿ ಹಿಡಿಸಲ್ಲ. ಬೆನ್ನ ಮೇಲಿನ ಮನೆ ಅಡ್ಡ ಬರುತ್ತೆ.”

“ಮತ್ತೆ?”

“ಹೊರಗೇ ಕೂತ್ಕೊಳ್ಳುತ್ತೆ. ಆಗ ಮಳೆ ಬರುತ್ತೆ.”

ಅಷ್ಟು ಹೇಳಿ ನಿಲ್ಲಿಸಿದ. ಆಮೇಲೆ ಏನಾಗುತ್ತದೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಆಸಕ್ತಿ ಇದೆ ಎಂದುಕೊಂಡಾನು.


ಮಾರ್ಚ್ 9, ಶನಿವಾರ

ಸಣ್ಣ ಸ್ಕ್ರೂಡ್ರೈವರ್ ಹುಡುಕಿಕೊಂಡು ಅವನ ಕೋಣೆಗೆ ಹೋದೆ. ಮೇಜಿನ ಮೇಲೆ ಗುಂಡಿ ಹಾಕಿಡುವಂಥ ಡಬ್ಬಿ. ಮುಚ್ಚಳ ತೆಗೆದರೆ ತುಂಬ ಬಾಯಿಗಳು! ಹುಳುವಿನ ಬಾಯಿಗಳಂತೆ. ಆ ಎನ್ನುವ ಬಾಯಿ, ಊ ಎನ್ನುವ ಬಾಯಿ, ಅಳುವ ಬಾಯಿ, ತುಟಿ ಕಚ್ಚಿಕೊಂಡ ಬಾಯಿ. ಒಂದೊಂದು ಮಾತಿಗೂ ಒಂದು ತೆಗೆದು ಇನ್ನೊಂದು ಅಂಟಿಸುತ್ತಾನೆ. ಒಂದು ಬಾಯಿ ಕೆಳತುಟಿ ಒಂದು ಕಡೆಗೆ ಎಳೆದುಕೊಂಡು ವಕ್ರವಾಗಿತ್ತು. ಯಾರದೋ ಗುರುತು ಹತ್ತಿದ ಹಾಗಾಯಿತು. ಮನೆ ಬಾಡಿಗೆಗೆ ಕೊಡುವ ಮುದುಕಿಯ ಬಾಯಿ ಎಂದು ಆಮೇಲೆ ಹೇಳಿದ. ಮುದುಕಿಯ ಗೊಂಬೆ ಶೆಲ್ಫಿನಲ್ಲಿತ್ತು. ಕನ್ನಡಕ, ತಲೆಯ ಗಂಟು, ಸೊಂಟದ ಮೇಲೆ ಕೈ.

ನನ್ನನ್ನು ಗೊಂಬೆ ಮಾಡಿದ್ದಾನೆ, ಕತ್ತೆ. ಮೂಗು ಮಾತ್ರ ದೊಡ್ಡದಾಯಿತು.


ಮಾರ್ಚ್ 10, ಭಾನುವಾರ

ಮಗಳು ಊಟದ ಮೇಜಿನಲ್ಲಿ ಹೇಳಿಯೇಬಿಟ್ಟಳು. “ಒಂದು ಡಬ್ಬಿ ಜೋಪಾನ ಮಾಡೋಕಾಗ್ಲಿಲ್ಲ ನಿಮಗೆ. ಅಮ್ಮ ಹೇಳಿದ್ದೇ ಸರಿ. ನಾಳೇನೇ ಮಾವನಿಗೆ ಫೋನ್ ಮಾಡಿ.” ಅವನು ತಲೆ ತಗ್ಗಿಸಿ, ಆಯ್ತು ಎಂದ.

ನಾನು ಹೇಳಿದ್ದೇ ಸರಿ ಎಂದು ಮಗಳ ಬಾಯಲ್ಲಿ ಕೇಳಲು ಎರಡು ವರ್ಷ ಕಾದಿದ್ದೆ. ಊಟ ಸೇರಲಿಲ್ಲ. ಎರಡು ದಿನ ತಡೆಯಿರಿ, ಡಬ್ಬಿ ಬಿಚ್ಚಿ ನೋಡುತ್ತೇನೆ ಎಂದೆ. ರಿಪೇರಿ ಅರ್ಧಕ್ಕೆ ಬಿಡುವುದು ನನ್ನ ಜಾಯಮಾನವಲ್ಲ, ಅದಕ್ಕೆ.


ಮಾರ್ಚ್ 12, ಮಂಗಳವಾರ

ಮಗಳು ಬ್ಯಾಂಕಿಗೆ ಹೋದ ಮೇಲೆ ಊಟದ ಮೇಜಿಗೆ ಬಿಳಿ ಬಟ್ಟೆ ಹಾಸಿ ಡಬ್ಬಿ ಬಿಚ್ಚಿದೆ. ತಟ್ಟೆಗಳು ತಿರುಗುವ ಭಾಗ ಭದ್ರವಾಗಿ ಮುಚ್ಚಿರುತ್ತದೆ, ಅದರ ತಂಟೆಗೆ ಹೋಗಲಿಲ್ಲ. ಕೆಳಗಿನ ಹಸಿರು ಬೋರ್ಡಿನ ಸ್ಕ್ರೂ ತೆಗೆದು ಮಗುಚಿದೆ. ಕರೆಂಟು ಒಳಬರುವ ಬಾಯಿಯ ಹತ್ತಿರವೇ ಅಕ್ಕಿಕಾಳಿನಷ್ಟು ಎರಡು ಡಯೋಡುಗಳು. ಇವು ಕಾವಲಿಗೆ. ಹೆಚ್ಚಿನ ವೋಲ್ಟೇಜ್ ನುಗ್ಗಿದರೆ ಅದನ್ನೆಲ್ಲ ತನ್ನ ಮೇಲೆಳೆದುಕೊಂಡು ಸಾಯುವುದು, ಹಿಂದಿದ್ದವರನ್ನು ಉಳಿಸುವುದು, ಇಷ್ಟೇ ಇದರ ಉದ್ಯೋಗ. ಎಕ್ಸ್‌ಚೇಂಜಿನಲ್ಲಿ ಸಿಡಿಲಿಗೆಂದು ಇದರ ಅಣ್ಣಂದಿರನ್ನು ಇಟ್ಟಿರುತ್ತಿದ್ದೆವು. ಮೀಟರ್ ಹಿಡಿದೆ. ಒಂದು ಸುಮ್ಮನಿತ್ತು. ಇನ್ನೊಂದು ಕೀಂಯ್ ಎಂದಿತು. ಸತ್ತು ದಾರಿಗಡ್ಡ ಮಲಗಿದೆ.

ಹನ್ನೆರಡು ವೋಲ್ಟಿನ ಡಿಸ್ಕಿಗೆ ಹೆಚ್ಚಿನದು ಎಲ್ಲಿಂದ ಬಂತು? ಮನೆಯ ಅಡಾಪ್ಟರುಗಳನ್ನೆಲ್ಲ ತಂದು ಸಾಲಾಗಿಟ್ಟೆ. ಅದೇ ಪಿನ್ನಿನದು ಇನ್ನೊಂದೇ ಇತ್ತು. ಮಣ್ಣಪ್ಪನ ಗೊಂಬೆಗಳಿಗೆ ಬೆಳಕು ಬಿಡುವ ದೀಪದ್ದು. ಇಪ್ಪತ್ತನಾಲ್ಕು ವೋಲ್ಟು. ದೀಪದ್ದನ್ನು ಡಿಸ್ಕಿಗೆ ಚುಚ್ಚಿದರೆ ಡಿಸ್ಕ್ ಸಾಯುತ್ತದೆ. ಡಿಸ್ಕಿನದನ್ನು ದೀಪಕ್ಕೆ ಚುಚ್ಚಿದರೆ ದೀಪ ಮಂಕಾಗುತ್ತದೆ.

ಮಂಕು ದೀಪ! ಊಟಕ್ಕೆ ಬಂದ ಭಾನುವಾರ ತಮ್ಮ ಹೇಳಿದ್ದು.

ಮಣ್ಣಪ್ಪನನ್ನು ಕರೆದೆ. “ಇದನ್ನ ಡಿಸ್ಕಿಗೆ ಹಾಕಿದ್ದು ಯಾರು?”

“ನಾನೇ ಅತ್ತೆ.”

“ಯಾವಾಗ?”

“ಅವತ್ತೇ... ಭಾನುವಾರ ಬೆಳಿಗ್ಗೆ.”

“ಭಾನುವಾರ ಬೆಳಿಗ್ಗೆ ನೀವು ತರಕಾರಿಗೆ ಹೋಗಿದ್ರಿ. ತಮ್ಮ ಬಂದ ಮೇಲೆ ಬಂದ್ರಿ. ಅಷ್ಟರಲ್ಲಿ ದೀಪ ಮಂಕಾಗಿತ್ತು.”

ಅವನು ದೀಪದ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತ.

“ಸುಳ್ಳು ಹೇಳೋಕೂ ಬರಲ್ವಲ್ಲೋ ನಿನಗೆ! ನೆಲ ಒರೆಸೋಕೆ ಎಲ್ಲ ಕಿತ್ತಿದ್ದು ಅವಳು. ಮತ್ತೆ ಚುಚ್ಚಿದ್ದು ಅವಳು. ಸಂಜೆ ಅದನ್ನ ನೋಡಿ ಯಾರಿಗೂ ಕಾಣದ ಹಾಗೆ ಅದಲು ಬದಲು ಮಾಡಿದ್ದು ನೀನು. ಹೌದೋ ಅಲ್ವೋ?”

“ಅವಳಿಗೆ ಹೇಳ್ಬೇಡಿ ಅತ್ತೆ.”

“ಯಾಕೆ? ಆ ಮಾತೆಲ್ಲ ಕೇಳ್ಕೊಂಡು ಸುಮ್ನೆ ಕೂತಿದ್ಯಲ್ಲ, ಏನು ಮಹಾ ತ್ಯಾಗಿನಾ ನೀನು?”

“ಹಾಗಲ್ಲ. ಎರಡು ವರ್ಷದಲ್ಲಿ ಅವಳು ಆ ಕೋಣೆಯೊಳಗೆ ಬಂದಿದ್ದು ಅದೇ ಮೊದಲು. ಬಂದು ಎಲ್ಲ ಗೊಂಬೆ ಎತ್ತಿ ಧೂಳು ಒರೆಸಿ, ಎಲ್ಲಿತ್ತೋ ಅಲ್ಲೇ ಇಟ್ಟಿದ್ಳು. ಹುಳುವಿನ ಕಣ್ಣೂ ಒರೆಸಿದ್ಳು. ಅದ್ರಿಂದಾನೇ ಹೀಗಾಯ್ತು ಅಂತ ಗೊತ್ತಾದ್ರೆ ಇನ್ನು ಯಾವತ್ತೂ ಒಳಗೆ ಬರಲ್ಲ.”

ಬಿಚ್ಚಿದ ಸ್ಕ್ರೂಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕಿ, “ಮತ್ತೆ ನಾನು ಬೈದಿದ್ದು?” ಎಂದೆ.

“ನೀವು ಮೊದ್ಲಿಂದಾನೂ ಬೈತಿದ್ರಲ್ಲ ಅತ್ತೆ. ಅದ್ರಲ್ಲಿ ಹೊಸದೇನೂ ಅನ್ನಿಸ್ಲಿಲ್ಲ.”

ರಿಪೇರಿಯವನ ಅಂಗಡಿಯಲ್ಲಿ ಬಾಯಿ ತೆರೆದು ಮುಚ್ಚಿಕೊಂಡದ್ದೂ ಇದಕ್ಕೇ. ನಾನು ಪಕ್ಕದಲ್ಲಿದ್ದೆ. ಹೆಡ್ಡ. ಇಷ್ಟು ವೋಲ್ಟು ಹೋಗಿದೆ ಎಂದು ಮೊದಲೇ ಹೇಳಿದ್ದರೆ ಸೋಮವಾರವೇ ಮುಗಿದುಹೋಗುತ್ತಿತ್ತು. ಇಂಥ ಹೆಡ್ಡನನ್ನು ನಾನು ಹುಟ್ಟಿದ ಮೇಲೆ ನೋಡಿಲ್ಲ. ಮಾತಿನ ಭರದಲ್ಲಿ ಏಕವಚನ ಬಂದುಬಿಟ್ಟಿತು. ಇನ್ನು ಸರಿ ಮಾಡಲು ಹೋಗುವುದಿಲ್ಲ.


ಮಾರ್ಚ್ 13, ಬುಧವಾರ

ಬೆಳಿಗ್ಗೆ ತಮ್ಮನ ಫೋನು. “ಏನಕ್ಕ, ಸಿನಿಮಾ ಮುಗೀತಾ, ಮುಳುಗ್ತಾ? ನನಗೆ ಒಂದನೇ ತಾರೀಖಿಂದ ಜನ ಬೇಕು.” ನಾಳೆ ಹೇಳುತ್ತೇನೆ ಎಂದೆ.

ಡಿಸ್ಕ್ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಸತ್ತ ಡಯೋಡನ್ನು ಕತ್ತರಿಸಿ ತೆಗೆದರೆ ದಾರಿ ತೆರವಾಗುತ್ತದೆ, ಮಿಕ್ಕದ್ದು ಸುಟ್ಟಿಲ್ಲದಿದ್ದರೆ ತಿರುಗುತ್ತದೆ. ತಿರುಗಿದರೆ ಮಣ್ಣಪ್ಪ ಟೈಲ್ಸ್ ಅಂಗಡಿಗೆ ಹೋಗುವುದಿಲ್ಲ. ಏನೂ ಮಾಡದೆ ಸ್ಕ್ರೂ ಹಾಕಿ, ಆಗಲಿಲ್ಲ ಕಣಪ್ಪ ಎಂದರೆ ಸಾಕು, ಎರಡು ವರ್ಷ ನಾನು ಬಯಸಿದ್ದೆಲ್ಲ ಒಂದನೇ ತಾರೀಖಿಗೆ ಆಗುತ್ತದೆ. ನಂಬುತ್ತಾನೆ ಬೇರೆ. ಸಂಬಳ, ಒಳ್ಳೆಯ ಅಂಗಿ, ಉಗುರಿನಲ್ಲಿ ಮಣ್ಣಿಲ್ಲ.

ಇಕ್ಕಳ ಹಿಡಿದೆ. ಕೈ ನಡುಗಿತು. ವಯಸ್ಸಿನ ನಡುಕ, ಬೇರೇನಲ್ಲ. ಪಕ್ಕದ ತುಣುಕು ತಾಗಿದರೆ ಎಲ್ಲ ಹೋಗುತ್ತದೆ.

“ಬಾರೋ ಇಲ್ಲಿ” ಎಂದು ಕರೆದು ಇಕ್ಕಳ ಅವನ ಕೈಗೆ ಕೊಟ್ಟೆ. ಅವನು ಉಸಿರು ಹಿಡಿದು ಬಗ್ಗಿದ. ಮಣ್ಣಿನ ಹುಳುವಿನ ರೆಪ್ಪೆಯನ್ನು ದಿನವಿಡೀ ಸರಿಸಿ ಪಳಗಿದ ಕೈ. ಒಂದಿಷ್ಟೂ ಅಲುಗಲಿಲ್ಲ. ಚಿಟ್ ಎಂದಿತು. ಕಾಳು ಹಾರಿ ಎಲ್ಲೋ ಬಿತ್ತು. ಬೋರ್ಡ್ ಕೂರಿಸಿ, ಸರಿಯಾದ ಅಡಾಪ್ಟರನ್ನು ಮೂರು ಸಲ ಓದಿ ಚುಚ್ಚಿದೆ. ಹಸಿರು ದೀಪ ಆರಲಿಲ್ಲ. ಸ್ಕ್ರೂಡ್ರೈವರ್ ಕಿವಿಗಿಟ್ಟುಕೊಂಡೆ. ಮೊದಲು ಏನೂ ಇಲ್ಲ. ಆಮೇಲೆ ಒಳಗೆ ಸಣ್ಣಗೆ ಎದ್ದು, ಏರುತ್ತ ಹೋಗಿ, ಒಂದೇ ಸಮನೆ ನಿಂತಿತು.

“ತಿರುಗ್ತಿದೆ” ಎಂದೆ. ಅವನು ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಗಂಡಸು, ಅಷ್ಟು ದೊಡ್ಡವನು. ನನಗೆ ಬಹಳ ಸಂತೋಷವಾಯಿತು. ಇಲ್ಲಿ ಬರೆಯದಿದ್ದರೆ ಇನ್ನೆಲ್ಲಿ ಬರೆಯಲಿ. ಕಾವಲಿಲ್ಲದ ಡಿಸ್ಕನ್ನು ನಂಬಬಾರದು, ಎಲ್ಲವನ್ನೂ ಎರಡು ಕಡೆ ಪ್ರತಿ ಮಾಡಿ ಆಮೇಲೆ ಅಳು ಎಂದು ಗದರಿದೆ.

ಸಂಜೆ ಮಗಳು ಬಂದಳು. ಕಂಪ್ಯೂಟರಿನಲ್ಲಿ ಹುಳು ಓಡಾಡುತ್ತಿರುವುದನ್ನು ಕಂಡು ಬಾಗಿಲಲ್ಲೇ ನಿಂತಳು.

“ಸರಿಯಾಯ್ತಾ? ಏನಾಗಿತ್ತು ಅದಕ್ಕೆ?”

ಮಣ್ಣಪ್ಪ ಬಾಯಿ ತೆರೆದ. ಮತ್ತೆ ಅದೇ ರಾಗ, ನನ್ನದೇ ತಪ್ಪು ಎಂದು ಶುರು ಮಾಡುತ್ತಾನೆ ಎಂದು ಗೊತ್ತು. ಕೇಳಿ ಕೇಳಿ ಸಾಕಾಗಿತ್ತು.

“ನಾನೇ ಕಣೇ” ಎಂದೆ. “ಅವತ್ತು ನೀನು ಒರೆಸಿ ಹೋದ ಮೇಲೆ ವೈರೆಲ್ಲ ಸಿಕ್ಕು ಸಿಕ್ಕಾಗಿ ಕಾಣ್ತು. ಎಲ್ಲ ಕಿತ್ತು ನೀಟಾಗಿ ಹಾಕೋಣ ಅಂತ ಹೋದೆ. ದೀಪದ ಇಪ್ಪತ್ನಾಲ್ಕು ವೋಲ್ಟಿಂದನ್ನ ಈ ಹನ್ನೆರಡರದ್ದಕ್ಕೆ ಚುಚ್ಚಿಬಿಟ್ಟೆ.”

ಮಗಳು ಚೀಲ ಕೆಳಗೆ ಹಾಕಿದಳು. “ಅಮ್ಮಾ! ಅಷ್ಟು ವರ್ಷ ಎಕ್ಸ್‌ಚೇಂಜಲ್ಲಿ ಏನು ಮಾಡ್ತಿದ್ದೆ ನೀನು? ಹನ್ನೆರಡು ಯಾವುದು, ಇಪ್ಪತ್ನಾಲ್ಕು ಯಾವುದು ಅಂತ ಓದೋಕೆ ಬರಲ್ವಾ? ಇಷ್ಟು ದಿನ ಇವರನ್ನ ಬೈಸಿದ್ಯಲ್ಲ, ಪಾಪ. ನನ್ನ ಕೈಲೂ ಬೈಸ್ದೆ.”

ಇನ್ನೂ ಬೇಕಾದಷ್ಟು ಅಂದಳು. ಮಾತಿನಲ್ಲಿ ನನ್ನನ್ನೇ ಹೋಲುತ್ತಾಳೆ. ನಾನು ಕೇಳಿಸಿಕೊಂಡೆ. ಕಷ್ಟವಾಯಿತು. ಎಕ್ಸ್‌ಚೇಂಜಿನ ಮಾತು ಬಂದಾಗ ಮಾತ್ರ ಬಾಯಿಯವರೆಗೆ ಬಂದಿತ್ತು, ನುಂಗಿಕೊಂಡೆ.

ಆಮೇಲೆ ಅವಳು ಒಳಗೆ ಹೋಗಿ ಅವನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಬಾಗಿಲು ತೆರೆದೇ ಇತ್ತು. “ಇದಕ್ಕೆ ಯಾಕೆ ಅಳು?” ಎಂದು ಕೇಳುತ್ತಿದ್ದಳು. ಅವನು ಏನೋ ಹೇಳುತ್ತಿದ್ದ.


ಮಾರ್ಚ್ 14, ಗುರುವಾರ

ತಮ್ಮನಿಗೆ ಫೋನ್ ಮಾಡಿ ಬೇರೆಯವರನ್ನು ನೋಡಿಕೋ ಎಂದೆ. “ಯಾಕೆ, ಅವನಿಗೆ ಕೊಬ್ಬಾ?” ಎಂದ. ಫೋನ್ ಇಟ್ಟುಬಿಟ್ಟೆ. ನನ್ನ ಅಳಿಯನನ್ನು ಬೈಯಲು ಇವನ್ಯಾರು.


ಮಾರ್ಚ್ 21, ಗುರುವಾರ

ಸಿನಿಮಾ ನಿನ್ನೆ ಹೋಯಿತು. ಕಳಿಸುವ ಮೊದಲು ಪೂರ್ತಿ ನೋಡಿದೆ. ಮುದುಕಿ ಅತಿಯಾಯಿತು, ಹಾಗೆ ಯಾರೂ ಮಾತಾಡುವುದಿಲ್ಲ ಎಂದು ಹೇಳಿದೆ. ಗಂಡ ಹೆಂಡಿರಿಬ್ಬರೂ ಬಿದ್ದು ಬಿದ್ದು ನಕ್ಕರು. ನಗಲಿ.

ಇವತ್ತು ಮಗಳು ಬ್ಯಾಂಕಿನಿಂದ ಹಳದಿ ಚೀಟಿಗಳ ಕಟ್ಟು ತಂದಳು. ಮನೆಯ ಒಂದೊಂದು ಪ್ಲಗ್ಗಿಗೂ, ಅಡಾಪ್ಟರಿಗೂ, ಕೋಣೆಯ ಸ್ವಿಚ್ಚಿನ ಹಲಗೆಗೂ ಅಂಟಿಸಿದ್ದಾಳೆ. ದಪ್ಪ ಅಕ್ಷರದಲ್ಲಿ: ‘ಅಮ್ಮ ಮುಟ್ಟಬಾರದು.’

ಫಾಲ್ಟ್ ಸೆಕ್ಷನ್ನಿನ ಮೇಲ್ವಿಚಾರಕಿಯಾಗಿದ್ದವಳಿಗೆ! ನಡು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಅಡುಗೆಮನೆಯ ಚೀಟಿಯ ಅಂಚನ್ನು ಉಗುರಿನಿಂದ ಎಬ್ಬಿಸಿದೆ. ಕಿತ್ತು ಹಾಕಿದರೆ ಯಾಕೆ ಕಿತ್ತೆ ಎಂದು ಕೇಳುತ್ತಾಳೆ.

ಬೆರಳಿಂದ ಒತ್ತಿ ಮತ್ತೆ ಅಂಟಿಸಿದೆ.